ನಮ್ಮ ವೆಬ್‌ಸೈಟಿನ ಮೊದಲ ಹಲಗೆ ಎಲ್ಲರಿಗೂ ತಲುಪಲಿ

(ಅಂತರಸನಹಳ್ಳಿಯಲ್ಲಿ ಸೇರಿದ್ದ ತುಮಕೂರು, ಗುಬ್ಬಿ ಮತ್ತು ಕುಣಿಗಲ್ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)

ಮನೆ ಕೆಲಸ, ಹೊಲದ ಕೆಲಸ, ಫ್ಯಾಕ್ಟರಿ ಪಾಳಿ ಎಲ್ಲವನ್ನೂ ಹೊಂದಿಸಿಕೊಂಡು ಬಂದಿದ್ದೀರಿ. ಗುಬ್ಬಿ ಕಡೆಯವರು, ಕುಣಿಗಲ್ ಕಡೆಯವರು ತುಮಕೂರಿನಲ್ಲಿ ಬಸ್ ಬದಲಾಯಿಸಿ ಬಂದಿದ್ದೀರಿ. ಆದ್ದರಿಂದ ಸುತ್ತಿ ಬಳಸದೆ ನೇರವಾಗಿ ವಿಷಯಕ್ಕೆ ಬರುತ್ತೇವೆ.

ನಮ್ಮ ಸಮಾಜ ಸೇವಾ ಸಂಸ್ಥೆಯ ವೆಬ್‌ಸೈಟನ್ನು ಹೊಸದಾಗಿ ಮಾಡಿಸಬೇಕೆಂದು ತೀರ್ಮಾನವಾಗಿದೆ. ಅದರ ಮೊದಲ ಪುಟದಲ್ಲಿ, ತಲೆಯ ಭಾಗದಲ್ಲಿ, ಒಂದು ಅಗಲವಾದ ಬ್ಯಾನರ್ ಬರುತ್ತದೆ. ಒಂದು ಚಿತ್ರ, ಒಂದೆರಡು ಸಾಲು ಮಾತು, ಒತ್ತಲಿಕ್ಕೆ ಒಂದೋ ಎರಡೋ ಬಟನ್ ಇಷ್ಟೇ ಅದರಲ್ಲಿರುವುದು. ಕಂಪ್ಯೂಟರಿನಲ್ಲಿ ಅದು ಪುಟದ ಮೇಲ್ಭಾಗ ಮಾತ್ರ. ಆದರೆ ಮೊಬೈಲಿನಲ್ಲಿ ನೋಡಿದರೆ ಮೊದಲು ಕಾಣುವುದೆಲ್ಲಾ ಅದೇ. ನಮ್ಮ ಜನ ನೋಡುವುದು ಮೊಬೈಲಿನಲ್ಲೇ ಅಲ್ವಾ?

ಇದನ್ನು ಡಿಸೈನ್ ಮಾಡುವವರು ಮಾಡಿಕೊಳ್ಳಲಿ, ನಮ್ಮನ್ನೇಕೆ ಕೇಳ್ತೀರಿ ಅಂತ ನೀವು ಅಂದುಕೊಳ್ಳಬಹುದು. ಕಾರಣ ಇದೆ. ಅದರಲ್ಲಿ ಹಾಕುವ ಚಿತ್ರ ನಿಮ್ಮದು. ಅದರಲ್ಲಿ ಬರೆಯುವ ಮಾತು ನಿಮ್ಮ ಬಗ್ಗೆ. ಕಷ್ಟ ಬಂದಾಗ ಅದನ್ನು ಹುಡುಕಿಕೊಂಡು ಬರುವವರೂ ನಿಮ್ಮಂಥ ಹೆಣ್ಣುಮಕ್ಕಳೇ. ಆದ್ದರಿಂದ ಅದು ಹೇಗಿರಬೇಕು ಎಂದು ಮೊದಲು ಹೇಳಬೇಕಾದವರು ನೀವು.

ಬಾಗಿಲಿಗೆ ಬರುವವರು ಯಾರು?

ಹಿಂದೆ ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರುತ್ತಿದ್ದರು. ತಮಟೆ ಬಾರಿಸಿ, ನಾಲ್ಕು ಬೀದಿ ಕೂಡುವ ಕಡೆ ನಿಂತು ವಿಷಯ ಕೂಗಿ ಹೇಳುತ್ತಿದ್ದರು. ಅಕ್ಷರ ಬಾರದವರಿಗೂ, ಕಣ್ಣು ಕಾಣದ ಅಜ್ಜಿಗೂ ವಿಷಯ ತಲುಪುತ್ತಿತ್ತು. ಕಿವಿ ಕೇಳದವರಿಗೆ ಪಕ್ಕದ ಮನೆಯವರು ಕೈಸನ್ನೆ ಮಾಡಿ ತಿಳಿಸುತ್ತಿದ್ದರು. ಊರಿನ ವಿಷಯ ಊರಿಗೆಲ್ಲಾ ತಲುಪಬೇಕು ಅನ್ನುವುದು ಆಗಿನ ಕ್ರಮ.

ಈಗ ಬ್ಯಾನರ್ ಕಾಲ. ಈ ಅಂತರಸನಹಳ್ಳಿಯಲ್ಲೇ ನೋಡಿ. ಶಿರಾ ಕಡೆಗೆ ಹೋಗುವ ಹೆದ್ದಾರಿ, ಕೈಗಾರಿಕಾ ಪ್ರದೇಶ, ತರಕಾರಿ ಮಾರುಕಟ್ಟೆ ಎಲ್ಲಾ ಇಲ್ಲಿದೆ. ಎಷ್ಟೊಂದು ಬೋರ್ಡುಗಳು! ಅವುಗಳಲ್ಲಿ ಎಷ್ಟನ್ನು ನಾವು ಓದುತ್ತೇವೆ? ನಾಲ್ಕು ಬಣ್ಣ, ಹತ್ತು ಮುಖ, ಸಣ್ಣ ಅಕ್ಷರ ಇದ್ದರೆ ಕಣ್ಣು ಚೆನ್ನಾಗಿರುವವರಿಗೂ ಏನೂ ಗೊತ್ತಾಗುವುದಿಲ್ಲ. ದಪ್ಪ ಅಕ್ಷರದಲ್ಲಿ ಎರಡು ಮಾತು ಬರೆದಿರುವ ಬೋರ್ಡನ್ನು ಬಸ್ಸಿನಿಂದಲೇ ಓದುತ್ತೇವೆ. ವೆಬ್‌ಸೈಟಿನ ಬ್ಯಾನರಿಗೂ ಇದೇ ನ್ಯಾಯ.

ನಮ್ಮ ವೆಬ್‌ಸೈಟಿಗೆ ಬರುವವರು ಮುಖ್ಯವಾಗಿ ಮೂರು ಬಗೆ. ಒಂದು, ಸಹಾಯ ಬೇಕಾದವರು. ಗಂಡನ ಕುಡಿತದಿಂದ ನೊಂದವಳು, ವಿಧವಾ ವೇತನದ ಅರ್ಜಿ ಹೇಗೆ ಅಂತ ತಿಳಿಯಬೇಕಾದವಳು, ಸಂಘಕ್ಕೆ ಸೇರಬೇಕು ಎನ್ನುವವಳು. ಎರಡು, ನೆರವು ನೀಡುವವರು ಮತ್ತು ನೀವು ಮಾಡಿದ ಚಟ್ನಿಪುಡಿ, ರಾಗಿ ಹುರಿಹಿಟ್ಟು, ಅಡಿಕೆ ಹಾಳೆ ತಟ್ಟೆ ಕೊಳ್ಳುವವರು. ಮೂರು, ಬ್ಯಾಂಕಿನವರು, ಸರ್ಕಾರಿ ಇಲಾಖೆಯವರು, ನಮ್ಮ ಕೆಲಸ ಏನೆಂದು ನೋಡಲು ಬರುವವರು.

ಈ ಮೂರು ಬಗೆಯಲ್ಲೂ ಕಣ್ಣು ಕಾಣದವರಿದ್ದಾರೆ. ಮಂದ ದೃಷ್ಟಿಯವರಿದ್ದಾರೆ. ಕಿವಿ ಕೇಳದವರು, ಕೈ ನಡುಗುವವರು, ಕೆಂಪು ಯಾವುದು ಹಸಿರು ಯಾವುದು ಎಂದು ಬೇರೆ ಮಾಡಲಾಗದವರು, ಅಕ್ಷರ ಕೂಡಿಸಿ ಕೂಡಿಸಿ ನಿಧಾನವಾಗಿ ಓದುವವರು ಇದ್ದಾರೆ. 2011ರ ಜನಗಣತಿಯಲ್ಲಿ ದೇಶದಲ್ಲಿ 2 ಕೋಟಿ 68 ಲಕ್ಷ ವಿಕಲಚೇತನರನ್ನು ಎಣಿಸಿದ್ದರು. ಕರ್ನಾಟಕದಲ್ಲೇ 13 ಲಕ್ಷ 24 ಸಾವಿರ ಮಂದಿ. ಆ ಎಣಿಕೆ ಎಂಟು ಬಗೆಯ ಅಂಗವೈಕಲ್ಯಕ್ಕೆ ಮಾತ್ರ. ನಂತರ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಇದರ ಜೊತೆಗೆ, ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಂಜಾಗುವುದು ನಮಗೆಲ್ಲಾ ಗೊತ್ತು. ಇಲ್ಲಿ ಕುಳಿತವರಲ್ಲಿ ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯದವರು ಎಷ್ಟು ಜನ? ಹಾಗಾಗಿ ಇದು ಯಾರೋ ಕೆಲವರ ವಿಷಯ ಅಲ್ಲ.

ಚಿತ್ರದೊಳಗಿನ ಅಕ್ಷರ ಫೋನಿಗೆ ಕಾಣುವುದಿಲ್ಲ

ಕಣ್ಣು ಕಾಣದವರು ಮೊಬೈಲ್ ಹೇಗೆ ಬಳಸುತ್ತಾರೆ ಎಂದು ಹಲವರು ಕೇಳುತ್ತಾರೆ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಎನ್ನುವ ಸೌಲಭ್ಯ ಇದೆ. ಅದನ್ನು ಚಾಲೂ ಮಾಡಿದರೆ ಬೆರಳಿಟ್ಟ ಕಡೆ ಏನಿದೆಯೋ ಅದನ್ನು ಫೋನು ಗಟ್ಟಿಯಾಗಿ ಓದಿ ಹೇಳುತ್ತದೆ. ಕನ್ನಡವನ್ನೂ ಓದುತ್ತದೆ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎನ್ನುವ ತಂತ್ರಾಂಶ ಇದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕ 2006ರಲ್ಲಿ ಅದನ್ನು ಆರಂಭಿಸಿದರು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು.

ಆದರೆ ಒಂದು ಮಾತು ನೆನಪಿಡಿ. ಈ ತಂತ್ರಾಂಶಗಳು ಓದುವುದು ಟೈಪ್ ಮಾಡಿದ ಅಕ್ಷರಗಳನ್ನು. ಅಕ್ಷರಗಳನ್ನು ಚಿತ್ರದೊಳಗೆ ಸೇರಿಸಿ ಒಂದೇ ಫೋಟೋ ಮಾಡಿಬಿಟ್ಟರೆ ಅವು ಅಕ್ಷರ ಅಲ್ಲ, ಬರೀ ಬಣ್ಣ. ಆಗ ಫೋನು "ಚಿತ್ರ" ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಈಚಿನ ಕೆಲವು ಫೋನುಗಳು ಚಿತ್ರದಲ್ಲಿರುವ ಅಕ್ಷರವನ್ನು ಊಹಿಸಿ ಓದಲು ಪ್ರಯತ್ನಿಸುತ್ತವೆ. ಆದರೆ ಊಹೆಯನ್ನು ನಂಬಿ ದಿನಾಂಕ, ಫೋನ್ ನಂಬರು ಬಿಡಲಾಗುವುದಿಲ್ಲ.

ಒಂದು ಸಂಘದಲ್ಲಿ ದೃಷ್ಟಿ ಬಹಳ ಮಂದವಾದ ಸಹೋದರಿಯೊಬ್ಬರಿದ್ದಾರೆ. ಉಳಿತಾಯ ಒಂದು ವಾರವೂ ತಪ್ಪಿಸಿದವರಲ್ಲ. ಫೋನನ್ನು ಕಿವಿಯಿಂದಲೇ ಬಳಸಲು ಮಗನಿಂದ ಕಲಿತಿದ್ದಾರೆ. ವಿಕಲಚೇತನರ ದಾಖಲೆ ಪರಿಶೀಲನೆಗೆ ಒಂದು ಶಿಬಿರ ಇತ್ತು. ಒಂದು ಕಚೇರಿಯಿಂದ ಅದರ ಪ್ರಕಟಣೆ ಚೆಂದದ ಪೋಸ್ಟರಾಗಿ ವಾಟ್ಸಾಪಿನಲ್ಲಿ ಬಂತು. ಎಲ್ಲಾ ಗುಂಪುಗಳಿಗೂ ಹೋಯಿತು. ಅವರ ಫೋನಿಗೂ ಬಂತು. ಫೋನು "ಚಿತ್ರ" ಅಂತು. ಮದುವೆ ಫೋಟೋನೋ ಹಬ್ಬದ ಶುಭಾಶಯವೋ ಇರಬೇಕೆಂದು ಅವರು ಬಿಟ್ಟರು. ಶಿಬಿರ ಮುಗಿದು ಮೂರು ದಿನವಾದ ಮೇಲೆ ವಾರದ ಸಭೆಯಲ್ಲಿ ವಿಷಯ ಗೊತ್ತಾಯಿತು. ಮತ್ತೆ ಅಲೆದಾಟ, ಮತ್ತೆ ಬಸ್ ಚಾರ್ಜು, ಒಂದು ದಿನದ ಕೂಲಿ ಖೋತಾ. ಯಾರ ಪ್ರಯೋಜನಕ್ಕೆ ಶಿಬಿರ ಮಾಡಿದರೋ ಅವರಿಗೇ ಅದರ ಸುದ್ದಿ ತಲುಪಲಿಲ್ಲ. ಪೋಸ್ಟರಿನ ಕೆಳಗೆ ಎರಡು ಸಾಲು ಟೈಪ್ ಮಾಡಿದ್ದರೆ ಸಾಕಿತ್ತು.

ಅಕ್ಷರ ಬಾರದ ಕಾರಣಕ್ಕೆ ಬ್ಯಾಂಕಿನಲ್ಲಿ, ಕಚೇರಿಯಲ್ಲಿ ಪಕ್ಕಕ್ಕೆ ನಿಲ್ಲಿಸಿದ ಅನುಭವ ನಿಮ್ಮಲ್ಲಿ ಹಲವರಿಗಿದೆ. ಹೆಬ್ಬೆಟ್ಟು ಒತ್ತುತ್ತಿದ್ದವರು ಸಂಘಕ್ಕೆ ಬಂದು ಸಹಿ ಕಲಿತಿರಿ. ಈಗ ನಮ್ಮದೇ ಬ್ಯಾನರು ಇನ್ನೊಬ್ಬ ಸಹೋದರಿಯನ್ನು ಹಾಗೆ ಪಕ್ಕಕ್ಕೆ ನಿಲ್ಲಿಸಬಾರದು.

ಆದ್ದರಿಂದ ಮೊದಲ ನಿಯಮ: ಬ್ಯಾನರಿನ ಮಾತುಗಳು ಚಿತ್ರದೊಳಗೆ ಬೇಡ. ಚಿತ್ರ ಬೇರೆ, ಮಾತು ಬೇರೆ ಇರಲಿ. ಚಿತ್ರಕ್ಕೆ ಒಂದು ಸಾಲಿನ ವಿವರಣೆಯನ್ನು ಒಳಗೆ ಬರೆದಿಡಲು ಅವಕಾಶ ಇದೆ. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಫೋನು ಅದನ್ನು ಓದಿ ಹೇಳುತ್ತದೆ. ನೆಟ್‌ವರ್ಕ್ ನಿಧಾನ ಇರುವ ಹಳ್ಳಿಯಲ್ಲಿ ಚಿತ್ರ ತೆರೆಯದೆ ಹೋದರೂ ಮಾತು ಉಳಿಯುತ್ತದೆ. ಅಂದರೆ ಕಣ್ಣಿದ್ದವರಿಗೂ ಇದರಿಂದ ಲಾಭವೇ.

ಕನ್ನಡಕ್ಕೇ ಇರುವ ಒಂದು ತೊಡಕು

ಇಲ್ಲಿ ನಮ್ಮ ಕನ್ನಡದ್ದೇ ಒಂದು ಸಮಸ್ಯೆ ಇದೆ. ನಿಮ್ಮಲ್ಲಿ ಕಂಪ್ಯೂಟರ್ ಕಲಿತವರಿಗೆ ನುಡಿ, ಬರಹ ಎಂಬ ಹೆಸರುಗಳು ಗೊತ್ತು. ನುಡಿಯನ್ನು ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿತು. ಬರಹವನ್ನು ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದರು. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಇವು ಮಾಡಿದ ಉಪಕಾರ ದೊಡ್ಡದು. ಆದರೆ ಆಗಿನ ಕಾಲದ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಕಂಪ್ಯೂಟರಿನ ಒಳಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಖ್ಯೆಯಾಗಿಯೇ ಇರುತ್ತಿತ್ತು. ಮೇಲೆ ಕನ್ನಡದ ಸೀರೆ, ಒಳಗೆ ಬೇರೆ. ಆ ಫಾಂಟು ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಓದಿ ಹೇಳುವ ತಂತ್ರಾಂಶಕ್ಕೂ ಅದು ಕನ್ನಡ ಎಂದು ತಿಳಿಯುವುದಿಲ್ಲ.

ಇದಕ್ಕೆ ಪರಿಹಾರ ಯೂನಿಕೋಡ್. ಜಗತ್ತಿನ ಎಲ್ಲಾ ಭಾಷೆಗಳಂತೆ ಕನ್ನಡದ ಪ್ರತಿ ಅಕ್ಷರಕ್ಕೂ ಅದರಲ್ಲಿ ಅದರದೇ ಆದ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತ್ತು. ಕರ್ನಾಟಕ ಸರ್ಕಾರ 2012ರಲ್ಲಿ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿಕೊಂಡಿತು. ನುಡಿ, ಬರಹ ಕೂಡ ಈಗ ಯೂನಿಕೋಡಿನಲ್ಲಿ ಬರೆಯಲು ಅವಕಾಶ ಕೊಡುತ್ತವೆ. ನಿಮ್ಮ ಮೊಬೈಲಿನಲ್ಲಿ ನೀವು ಟೈಪ್ ಮಾಡುವ ಕನ್ನಡ ಯೂನಿಕೋಡೇ. ಆದರೂ ಡಿ.ಟಿ.ಪಿ. ಅಂಗಡಿಗಳಲ್ಲಿ ಹಳೆಯ ಫಾಂಟು ಇನ್ನೂ ಬಳಕೆಯಲ್ಲಿದೆ. ಅಲ್ಲಿ ಟೈಪ್ ಮಾಡಿಸಿದ್ದನ್ನು ವೆಬ್‌ಸೈಟಿಗೆ ಹಾಕಲು ಹೋದರೆ ಅಕ್ಷರ ಒಡೆಯುತ್ತದೆ. ಒಡೆಯಿತು ಎಂದು ಅದನ್ನೇ ಫೋಟೋ ಮಾಡಿ ಅಂಟಿಸುತ್ತಾರೆ. ಮಾತು ಚಿತ್ರದೊಳಗೆ ಸಿಕ್ಕಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ವೆಬ್‌ಸೈಟ್ ಮಾಡುವವರನ್ನು "ಇದು ಯೂನಿಕೋಡಾ?" ಎಂದು ನಾವು ಕೇಳಲೇಬೇಕು. ಪರೀಕ್ಷೆ ಸುಲಭ. ಪುಟದಲ್ಲಿರುವ ಸಾಲಿನ ಮೇಲೆ ಬೆರಳು ಒತ್ತಿ ಹಿಡಿದು ಕಾಪಿ ಮಾಡಿ, ವಾಟ್ಸಾಪಿನಲ್ಲಿ ಅಂಟಿಸಿ. ಅದೇ ಕನ್ನಡ ಬಂದರೆ ಸರಿ. ಕಾಪಿ ಆಗದಿದ್ದರೆ, ಇಲ್ಲವೇ ವಿಚಿತ್ರ ಗುರುತು ಬಂದರೆ ಒಪ್ಪಬೇಡಿ.

ಇನ್ನೂ ಎರಡು ಮಾತು. ಪುಟ ಕನ್ನಡದ್ದು ಎಂಬ ಗುರುತನ್ನು ಪುಟದೊಳಗೆ ಹಾಕಿರಬೇಕು. ಇಲ್ಲದಿದ್ದರೆ ಓದುವ ತಂತ್ರಾಂಶ ಇಂಗ್ಲಿಷ್ ಧ್ವನಿಯಲ್ಲಿ ಕನ್ನಡ ಓದಲು ಹೋಗಿ ತಡವರಿಸುತ್ತದೆ, ಇಲ್ಲವೇ ಸುಮ್ಮನಾಗುತ್ತದೆ. ಇನ್ನೊಂದು, ನಮ್ಮ ಅಕ್ಷರಗಳಿಗೆ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು ಇರುತ್ತವೆ. ಇಂಗ್ಲಿಷಿಗೆ ಇಟ್ಟ ಅಳತೆಯಲ್ಲಿ ಸಾಲುಗಳನ್ನು ಒತ್ತಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಮಂದ ದೃಷ್ಟಿಯವರಿಗೆ, ಈಗಷ್ಟೇ ಓದಲು ಕಲಿತವರಿಗೆ ಅದು ಗೋಜಲು. ಸಾಲುಗಳ ನಡುವೆ ಜಾಗ ಬಿಡಬೇಕು. ಬಳುಕುವ, ತಿರುಚಿದ ಅಲಂಕಾರದ ಅಕ್ಷರ ಮದುವೆ ಪತ್ರಿಕೆಗೆ ಇರಲಿ, ನಮ್ಮ ಬ್ಯಾನರಿಗೆ ನೇರವಾದ ಅಕ್ಷರ ಸಾಕು.

ಬಣ್ಣ, ಬಟನ್, ಓಡಾಟ

ಜಗತ್ತಿನ ವೆಬ್‌ಸೈಟುಗಳಿಗೆಲ್ಲಾ ನಿಯಮ ಸೂಚಿಸುವ ವರ್ಲ್ಡ್ ವೈಡ್ ವೆಬ್ ಕನ್ಸೋರ್ಟಿಯಂ ಎಂಬ ಸಂಸ್ಥೆ ಇದೆ. ವಿಕಲಚೇತನರಿಗೂ ಪುಟಗಳು ತಲುಪುವಂತೆ ಅದು 1999ರಲ್ಲಿ ಮೊದಲ ಮಾರ್ಗಸೂಚಿ ಹೊರಡಿಸಿತು. 2023ರ ಅಕ್ಟೋಬರಿನಲ್ಲಿ ಅದರ 2.2ನೇ ಆವೃತ್ತಿ ಬಂತು. ಅದರಲ್ಲಿ ನಮಗೆ ಬೇಕಾದ ಕೆಲವನ್ನಷ್ಟೇ ಹೇಳುತ್ತೇವೆ.

ಮೊದಲು ಬಣ್ಣ. ಅಕ್ಷರದ ಬಣ್ಣಕ್ಕೂ ಹಿಂದಿನ ಬಣ್ಣಕ್ಕೂ ಇರುವ ಅಂತರಕ್ಕೆ ಒಂದು ಅಳತೆ ಇದೆ. ಎರಡೂ ಒಂದೇ ಬಣ್ಣವಾದರೆ ಅದು 1. ಬಿಳಿ ಮೇಲೆ ಕಪ್ಪು ಬರೆದರೆ 21. ಓದಲು ಕನಿಷ್ಠ 4.5 ಇರಬೇಕು, ದೊಡ್ಡ ಅಕ್ಷರವಾದರೆ 3 ಆದರೂ ಇರಬೇಕು. ಬಿಳಿ ಮೇಲೆ ಹಳದಿ ಬರೆದರೆ ಅಳತೆ 1ಕ್ಕಿಂತ ಸ್ವಲ್ಪವೇ ಹೆಚ್ಚು, ಅಂದರೆ ಬರೆದೂ ಬರೆಯದ ಹಾಗೆ. ಅರಿಶಿನ ಕುಂಕುಮದ ಬಣ್ಣ ನಮಗೆಲ್ಲಾ ಇಷ್ಟ. ಇರಲಿ, ಆದರೆ ಅರಿಶಿನದ ಮೇಲೆ ಕಪ್ಪೋ ಕಡುಗೆಂಪೋ ಅಕ್ಷರ ಬರಲಿ, ಬಿಳಿ ಬೇಡ. ಹಸಿರಿನ ಮೇಲೆ ಕೆಂಪು ಬೇಡವೇ ಬೇಡ. ಫೋಟೋ ಮೇಲೆ ನೇರವಾಗಿ ಅಕ್ಷರ ಬರೆಯುವುದೂ ಬೇಡ. ಸೀರೆಯ ಹೂವು, ಮರದ ಎಲೆ, ಅಕ್ಷರ ಎಲ್ಲಾ ಕಲಸಿಕೊಳ್ಳುತ್ತದೆ. ಒಂದೇ ಬಣ್ಣದ ಪಟ್ಟಿಯ ಮೇಲೆ ಅಕ್ಷರ ಇರಲಿ.

ಎರಡನೆಯದು ಓಡಾಟ. ಕೆಲವು ವೆಬ್‌ಸೈಟಿನಲ್ಲಿ ಬ್ಯಾನರುಗಳು ಒಂದಾದ ಮೇಲೊಂದು ಓಡುತ್ತಿರುತ್ತವೆ. ನಿಧಾನವಾಗಿ ಓದುವವರು ಅರ್ಧ ಓದುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ತಾನಾಗಿ ಚಲಿಸುವುದು 5 ಸೆಕೆಂಡಿಗಿಂತ ಹೆಚ್ಚು ನಡೆದರೆ ಅದನ್ನು ನಿಲ್ಲಿಸುವ ಬಟನ್ ಇರಬೇಕು ಎನ್ನುತ್ತದೆ ಮಾರ್ಗಸೂಚಿ. ನಮಗೆ ಒಂದೇ ಬ್ಯಾನರ್ ಸಾಕು, ಅದು ನಿಂತಿರಲಿ. ಮಿನುಗುವುದು ಇನ್ನೂ ಅಪಾಯ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗಿದರೆ ಕೆಲವರಿಗೆ ಮೂರ್ಛೆ ಬರಬಹುದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಎಂಬ ಮಕ್ಕಳ ಕಾರ್ಟೂನು ಟಿ.ವಿ.ಯಲ್ಲಿ ಬರುವಾಗ ಕೆಂಪು ನೀಲಿ ಬೆಳಕು ಬೇಗ ಬೇಗ ಮಿನುಗಿತು. ಆರು ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಬೇಕಾಯಿತು, ಹೆಚ್ಚಿನವರು ಮಕ್ಕಳು. ಚೆಂದ ಕಾಣಲಿ ಎಂದು ಮಿನುಗುದೀಪ ಹಾಕುವವರಿಗೆ ಇದು ತಿಳಿದಿರಬೇಕು.

ಮೂರನೆಯದು ಬಟನ್. "ಇಲ್ಲಿ ಒತ್ತಿ" ಎಂದು ಬರೆದರೆ, ಕಿವಿಯಿಂದ ಓದುವವರಿಗೆ ಎಲ್ಲಿ, ಯಾಕೆ ಎಂದು ತಿಳಿಯುವುದಿಲ್ಲ. "ಸಹಾಯ ಕೇಳಿ", "ನೆರವು ನೀಡಿ" ಎಂದು ಕೆಲಸವನ್ನೇ ಬರೆಯಬೇಕು. ಹೆಬ್ಬೆರಳು ಆರಾಮವಾಗಿ ಕೂರುವಷ್ಟು ದೊಡ್ಡದಿರಬೇಕು, ಎರಡು ಬಟನ್ ಅಂಟಿಕೊಂಡಿರಬಾರದು. ಫೋನ್ ನಂಬರು ಕೊಟ್ಟರೆ ಅದರ ಜೊತೆ ಸಂದೇಶ ಕಳಿಸುವ ದಾರಿಯನ್ನೂ ಕೊಡಬೇಕು. ಕಿವಿ ಕೇಳದವರು ಕರೆ ಮಾಡಿ ಏನು ಮಾಡ್ತಾರೆ?

ಯಾರ ಮುಖ, ಯಾವ ಮುಖ?

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಬ್ಯಾನರಿನಲ್ಲಿ ಯಾವ ಚಿತ್ರ ಹಾಕಬೇಕು?

ಅಳುವ ಹೆಂಗಸು, ಹರಿದ ಬಟ್ಟೆಯ ಮಗು ಇದ್ದರೆ ದಾನ ಕೊಡುವವರ ಮನಸ್ಸು ಬೇಗ ಕರಗುತ್ತದೆ ಎಂದು ಹೇಳುವವರಿದ್ದಾರೆ. ಅದು ಪೂರ್ತಿ ಸುಳ್ಳು ಎಂದು ನಾವು ಹೇಳುವುದಿಲ್ಲ. ದುಡ್ಡು ನಮಗೂ ಬೇಕು, ಹೊಲಿಗೆ ತರಬೇತಿ, ಮಕ್ಕಳ ಫೀಸು ಎಲ್ಲಾ ಅದರಿಂದಲೇ ನಡೆಯಬೇಕು. ಆದರೆ ಆ ಚಿತ್ರದಲ್ಲಿರುವವಳು ನಾಳೆ ಮಗಳಿಗೆ ಗಂಡು ನೋಡಲು ಹೋಗುತ್ತಾಳೆ. ಅವಳ ಮಗ ಕಾಲೇಜಿಗೆ ಹೋಗುತ್ತಾನೆ. ಆ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ. ಒಂದು ದಿನದ ಕಷ್ಟವನ್ನು ಅವಳ ಹಣೆಗೆ ಶಾಶ್ವತವಾಗಿ ಅಂಟಿಸುವ ಹಕ್ಕು ನಮಗೆ ಯಾರು ಕೊಟ್ಟರು?

ಫೋಟೋ ತೆಗೆಯಲು ಒಪ್ಪಿಗೆ ಕೇಳಿದ್ದೇವೆ ಎಂದರೆ ಸಾಲದು. ಸಿಸ್ಟರ್ ಬಂದು ಕೇಳಿದರೆ ಇಲ್ಲ ಎನ್ನಲು ನಿಮಗೆ ಸಂಕೋಚ ಆಗುತ್ತದೆ. ಸಾಲಕ್ಕೆ ಶಿಫಾರಸು ಮಾಡಿದವರು, ಮಗುವನ್ನು ಹಾಸ್ಟೆಲಿಗೆ ಸೇರಿಸಿದವರು ಕೇಳಿದಾಗ ತಲೆ ಆಡಿಸುವುದು ಒಪ್ಪಿಗೆಯೋ ಋಣವೋ ಹೇಳುವುದು ಕಷ್ಟ. ಆದ್ದರಿಂದ ನಮ್ಮ ಸಲಹೆ ಇದು. ಒಪ್ಪಿಗೆಯನ್ನು ಸಂಸ್ಥೆಯವರು ಕೇಳುವುದು ಬೇಡ. ನಿಮ್ಮ ಸಂಘದ ಸಭೆಯಲ್ಲೇ, ನಾವು ಯಾರೂ ಇಲ್ಲದಾಗ, ನೀವೇ ಕೇಳಿಕೊಳ್ಳಿ. ಚಿತ್ರ ಎಲ್ಲಿ ಬರುತ್ತದೆ, ಯಾರು ಯಾರು ನೋಡಬಹುದು ಎಂದು ತಿಳಿಸಿ. ಒಂದು ವಾರ ಯೋಚಿಸಲು ಬಿಡಿ. ಬೇಡ ಎಂದವರ ಹೆಸರು ನಮಗೆ ಹೇಳಬೇಕಾಗಿಲ್ಲ. ಒಪ್ಪಿದವರು ಮುಂದೆ ಯಾವತ್ತು ತೆಗೆಯಿರಿ ಎಂದರೂ ತೆಗೆಯಬೇಕು.

ಚಿತ್ರ ಕೆಲಸದ್ದಾಗಿರಲಿ. ನಮ್ಮ ತುಮಕೂರು ಸೀಮೆಯಲ್ಲಿ ಹುಣಸೆ ಇದೆ, ತೆಂಗು ಇದೆ, ಅಡಿಕೆ ಇದೆ. ಹುಣಸೆಹಣ್ಣು ಬಿಡಿಸುತ್ತಾ ಮಾತಾಡುತ್ತಿರುವ ಮೂವರು, ಸಂಘದ ಪುಸ್ತಕ ಬರೆಯುತ್ತಿರುವ ಒಬ್ಬರು. ಹಾಗೆಯೇ ವಿಕಲಚೇತನ ಸದಸ್ಯೆ ಚಿತ್ರದಲ್ಲಿದ್ದರೆ ಅವರೂ ಕೆಲಸ ಮಾಡುತ್ತಿರಲಿ, ಯಾರದೋ ಕೈಯಿಂದ ಏನೋ ತೆಗೆದುಕೊಳ್ಳುತ್ತಾ ನಿಂತಿರುವುದು ಬೇಡ. ಚಿತ್ರದ ವಿವರಣೆಯೂ ಅದೇ ಮರ್ಯಾದೆಯಲ್ಲಿರಲಿ. "ಬಡ, ಅಸಹಾಯಕ ಮಹಿಳೆಯರು" ಎಂದು ಬರೆಯುವುದು ಬೇಡ. "ಮೂವರು ಮಹಿಳೆಯರು ಜಗಲಿಯಲ್ಲಿ ಕುಳಿತು ಹುಣಸೆಹಣ್ಣು ಬಿಡಿಸುತ್ತಿದ್ದಾರೆ" ಎಂದರೆ ಸಾಕು. ಕಣ್ಣಿಲ್ಲದವರ ಮನಸ್ಸಿನಲ್ಲೂ ಅದೇ ಚಿತ್ರ ಮೂಡುತ್ತದೆ.

ಇದು ದಯೆ ಅಲ್ಲ, ಹಕ್ಕು

ಕೆಲವರು ಇದನ್ನೆಲ್ಲಾ ಒಳ್ಳೆಯತನ ಎಂದುಕೊಳ್ಳುತ್ತಾರೆ. ಕಾನೂನು ಇದನ್ನು ಹಕ್ಕು ಎನ್ನುತ್ತದೆ. 2016ರ ಕಾಯ್ದೆಯ 42ನೇ ಕಲಂ ಮಾಹಿತಿ ಮತ್ತು ಸಂಪರ್ಕ ಸೌಲಭ್ಯಗಳು ವಿಕಲಚೇತನರಿಗೆ ಸಿಗುವಂತೆ ಮಾಡಬೇಕು ಎನ್ನುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಒಂದು ಮಹತ್ವದ ತೀರ್ಪು ಕೊಟ್ಟಿತು. ಆಸಿಡ್ ದಾಳಿಗೆ ಒಳಗಾದ ಪ್ರಜ್ಞಾ ಪ್ರಸೂನ್ ಮತ್ತಿತರರು, ಹಾಗೂ ದೃಷ್ಟಿಹೀನರಾದ ಅಮರ್ ಜೈನ್ ಎಂಬ ವಕೀಲರು ಕೋರ್ಟಿಗೆ ಹೋಗಿದ್ದರು. ಬ್ಯಾಂಕಿನ ಕೆ.ವೈ.ಸಿ. ನಿಮಗೆಲ್ಲಾ ಗೊತ್ತು. ಅದನ್ನು ಮೊಬೈಲಿನಲ್ಲಿ ಮಾಡುವಾಗ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ಎನ್ನುತ್ತದೆ. ಆಸಿಡ್‌ನಿಂದ ಕಣ್ಣು ಸುಟ್ಟುಹೋದವಳು ಹೇಗೆ ಮಿಟುಕಿಸಬೇಕು? ಡಿಜಿಟಲ್ ಸೇವೆ ತಲುಪುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಕೋರ್ಟು ಹೇಳಿತು. ಇಂಥವರಿಗೆ ಬೇರೆ ದಾರಿ ಮಾಡಿಕೊಡಿ ಎಂದು 20 ನಿರ್ದೇಶನಗಳನ್ನು ಕೊಟ್ಟಿತು.

ಶುಭಸಂದೇಶದಲ್ಲಿ ಬಾರ್ತಿಮಾಯ ಎಂಬ ಕುರುಡನ ಪ್ರಸಂಗ ಬರುತ್ತದೆ. ನೀವು ಯಾವ ಧರ್ಮದವರಾದರೂ ಇದನ್ನು ಕೇಳಬಹುದು. ಆತ ಜೆರಿಕೋ ಊರಿನ ದಾರಿ ಬದಿಯಲ್ಲಿ ಕುಳಿತಿದ್ದ. ಯೇಸುಸ್ವಾಮಿ ಆ ದಾರಿಯಲ್ಲಿ ಹೋಗುತ್ತಿದ್ದಾರೆ ಎಂದು ತಿಳಿದು ಕೂಗಿದ. ಸುತ್ತಲಿದ್ದ ಜನ ಸುಮ್ಮನಿರು ಎಂದು ಗದರಿಸಿದರು. ಯೇಸುಸ್ವಾಮಿ ನಿಂತರು, ಅವನನ್ನು ಕರೆಸಿದರು. ಕುರುಡನಿಗೆ ಏನು ಬೇಕು ಎಂದು ನೋಡಿದ ಕೂಡಲೇ ಹೇಳಿಬಿಡಬಹುದಿತ್ತು. ಆದರೂ ಅವರು ಮೊದಲು ಕೇಳಿದರು, ನಿನಗೆ ನನ್ನಿಂದ ಏನಾಗಬೇಕು ಅಂತ. ಅವನ ಬಾಯಿಂದಲೇ ಉತ್ತರ ಬಂತು. ನಾವು ಕಲಿಯಬೇಕಾದ್ದು ಅದನ್ನೇ. ನಿಮಗೆ ಇದೇ ಒಳ್ಳೆಯದು ಎಂದು ನಾವೇ ತೀರ್ಮಾನಿಸುವ ಮೊದಲು ಕೇಳಬೇಕು.

ನಿಮ್ಮ ಮುಂದೆ ಇಡುವ ಬ್ಯಾನರ್

ನಾವು ಒಂದು ಮಾದರಿ ಬರೆದುಕೊಂಡು ಬಂದಿದ್ದೇವೆ. "ಭರವಸೆಯ ಬೆಳಕಿನತ್ತ" ಎಂಬಂಥ ಮಾತು ಕೇಳಲು ಚೆಂದ, ಆದರೆ ಇವರು ಏನು ಮಾಡುತ್ತಾರೆ ಎಂದು ತಿಳಿಯುವುದಿಲ್ಲ. ಅದಕ್ಕೆ ಬದಲು ಮೊದಲ ಸಾಲು: "ತುಮಕೂರು, ಗುಬ್ಬಿ, ಕುಣಿಗಲ್ ಹಳ್ಳಿಗಳ ಮಹಿಳಾ ಸಂಘಗಳ ಜೊತೆ ಕೆಲಸ ಮಾಡುತ್ತೇವೆ." ಅದರ ಕೆಳಗೆ ಎರಡು ಬಟನ್. ಮೊದಲನೆಯದು "ಸಹಾಯ ಕೇಳಿ". ಎರಡನೆಯದು "ನೆರವು ನೀಡಿ". ಪಕ್ಕದಲ್ಲಿ, ಮೊಬೈಲಿನಲ್ಲಾದರೆ ಕೆಳಗೆ, ನೀವು ಒಪ್ಪಿದ ಚಿತ್ರ. ಅಷ್ಟೇ.

ದಾನದ ಬಟನ್ ಮೊದಲು ಬರಲಿ, ದೊಡ್ಡದಾಗಿರಲಿ ಎನ್ನುವ ಅಭಿಪ್ರಾಯವೂ ಇದೆ. ಆದರೆ ಫೋನಿನಲ್ಲಿ ಕೇಳಿ ಓದುವವರಿಗೆ ಮೊದಲು ಬಂದದ್ದು ಮೊದಲು ಕೇಳಿಸುತ್ತದೆ. ರಾತ್ರಿ ಹತ್ತು ಗಂಟೆಗೆ ಏಟು ತಿಂದು, ಮಕ್ಕಳನ್ನು ಕಟ್ಟಿಕೊಂಡು, ಫೋನಿನಲ್ಲಿ ದಾರಿ ಹುಡುಕುವವಳಿಗೆ ಮೊದಲು ಕೇಳಿಸಬೇಕಾದ್ದು ಯಾವ ಮಾತು? ಇದನ್ನು ನೀವೇ ಚರ್ಚೆ ಮಾಡಿ ತೀರ್ಮಾನ ತಿಳಿಸಿ.

ಬ್ಯಾನರ್ ಸಿದ್ಧವಾದ ಮೇಲೆ ಪ್ರತಿ ಸಂಘವೂ ಈ ಆರು ಪರೀಕ್ಷೆ ಮಾಡಬೇಕು.

1. ಬಿಸಿಲಿನ ಪರೀಕ್ಷೆ: ಮಧ್ಯಾಹ್ನ ಮಾರುಕಟ್ಟೆಯಲ್ಲಿ, ಹೊಲದಲ್ಲಿ ಫೋನ್ ಹಿಡಿದು ನೋಡಿ. ಓದಲು ಬರುತ್ತದೆಯೇ?

2. ಅಜ್ಜಿಯ ಪರೀಕ್ಷೆ: ಅರವತ್ತು ದಾಟಿದ ಸದಸ್ಯೆ ಕೈ ಚಾಚಿ ಹಿಡಿದು ಓದಲಿ. ಅಕ್ಷರ ಹಿಗ್ಗಿಸಿದಾಗ ಸಾಲು ಒಂದರ ಮೇಲೊಂದು ಬೀಳಬಾರದು.

3. ಕಪ್ಪು ಬಿಳುಪು ಪರೀಕ್ಷೆ: ಪುಟವನ್ನು ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆಸಿ. ಬಣ್ಣ ಹೋದ ಮೇಲೂ ಅಕ್ಷರ ಎದ್ದು ಕಾಣಬೇಕು.

4. ಕಣ್ಣು ಮುಚ್ಚಿದ ಪರೀಕ್ಷೆ: ಫೋನಿನ ಸೆಟ್ಟಿಂಗಿನಲ್ಲಿ ಟಾಕ್‌ಬ್ಯಾಕ್ ಚಾಲೂ ಮಾಡಿ ಬರೀ ಕಿವಿಯಿಂದ ಕೇಳಿ. ಅದು ಚಾಲೂ ಆದಾಗ ಒಂದು ಸಲ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಆರಿಸುವುದು ಹೇಗೆ ಎಂದು ಮೊದಲೇ ತಿಳಿದುಕೊಂಡು ಮಾಡಿ.

5. ನೆಟ್‌ವರ್ಕ್ ಪರೀಕ್ಷೆ: ಸಿಗ್ನಲ್ ಕಡಿಮೆ ಇರುವ ಊರಿನಲ್ಲಿ ತೆರೆಯಿರಿ. ಚಿತ್ರ ಬರುವ ಮೊದಲೇ ಮಾತು ಬರಬೇಕು.

6. ಐದು ಸೆಕೆಂಡಿನ ಪರೀಕ್ಷೆ: ಏನೂ ತಿಳಿಯದ ಒಬ್ಬರಿಗೆ ಐದು ಸೆಕೆಂಡು ತೋರಿಸಿ ಫೋನು ತಿರುಗಿಸಿ. ಇದು ಯಾರದು, ಇಲ್ಲಿ ಏನು ಮಾಡಬಹುದು ಎಂದು ಹೇಳಿದರೆ ಪಾಸು.

ಇದಕ್ಕೂ ಮಿಗಿಲಾದದ್ದು, ನಿಜವಾಗಿ ಕಣ್ಣು ಕಾಣದ, ಕಿವಿ ಕೇಳದ ನಿಮ್ಮ ಊರಿನವರಿಗೇ ಕೊಟ್ಟು ನೋಡುವುದು. ನಾವು ಕಣ್ಣು ಮುಚ್ಚಿ ಐದು ನಿಮಿಷ ಕೂತರೆ ಅವರ ಅನುಭವ ಬರುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗಾಗಿ ಇರುವ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಅಂಥವರನ್ನು ಪರಿಚಯಿಸುತ್ತಾರೆ. ಅವರು ಬಂದು ಹೋಗುವ ಬಸ್ ಚಾರ್ಜು, ಆ ದಿನದ ಕೂಲಿ ಸಂಸ್ಥೆಯಿಂದ ಕೊಡಬೇಕು. ಅವರು ನಮಗೆ ಕಲಿಸಲು ಬರುವವರು.

ವೆಬ್‌ಸೈಟು ಬರುವವರೆಗೆ ಕಾಯಬೇಕಾಗಿಲ್ಲ. ನಾಳೆಯಿಂದಲೇ ಒಂದು ಕೆಲಸ ಶುರು ಮಾಡಿ. ಸಂಘದ ವಾಟ್ಸಾಪ್ ಗುಂಪಿಗೆ ಪೋಸ್ಟರ್ ಹಾಕುವಾಗ ಅದೇ ವಿಷಯವನ್ನು, ದಿನಾಂಕ, ಸಮಯ, ಸ್ಥಳ, ಫೋನ್ ನಂಬರ್ ಸಮೇತ, ಕೆಳಗೆ ಟೈಪ್ ಮಾಡಿ ಹಾಕಿ. ಅಕ್ಷರ ಬಾರದವರಿಗಾಗಿ ಅದನ್ನೇ ಓದಿ ಧ್ವನಿ ಸಂದೇಶವಾಗಿಯೂ ಕಳಿಸಿ. ಎರಡು ನಿಮಿಷದ ಕೆಲಸ. ಇದು ಈ ಕಾಲದ ಡಂಗುರ.

ಮುಂದಿನ ತಿಂಗಳ ಸಭೆಗೆ ಬರುವಾಗ ಪ್ರತಿ ಸಂಘದವರು ಎರಡು ಉತ್ತರ ತರಬೇಕು. ಯಾವ ಬಟನ್ ಮೊದಲು ಬರಬೇಕು? ಚಿತ್ರಕ್ಕೆ ಯಾರಾದರೂ ಮನಸಾರೆ ಒಪ್ಪಿದ್ದಾರೆಯೇ, ಇಲ್ಲವೇ? ಯಾರೂ ಒಪ್ಪದಿದ್ದರೂ ಚಿಂತೆಯಿಲ್ಲ, ಹುಣಸೆಹಣ್ಣು ಬಿಡಿಸುವ ಕೈಗಳ ಚಿತ್ರ ಹಾಕೋಣ. ಡಿಸೈನ್ ಮಾಡುವವರಿಗೂ ನಿಮ್ಮ ಉತ್ತರ ಬರುವವರೆಗೆ ಕಾಯಿರಿ ಎಂದು ತಿಳಿಸುತ್ತೇವೆ.

ಊಟ ಮಾಡಿಕೊಂಡು, ಕತ್ತಲಾಗುವ ಮೊದಲು ಊರು ಸೇರಿಕೊಳ್ಳಿ. ದೇವರು ನಿಮ್ಮನ್ನೂ ನಿಮ್ಮ ಮನೆಯವರನ್ನೂ ಹರಸಲಿ.